ಪಂಡಿತಾ ರಮಾಬಾಯಿಯವರ ವಿದ್ಯಾರ್ಜನೆಯೂ ದ್ರವ್ಯಾರ್ಜನೆಯೂ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಬೇಸಗೆಯ ರಜದಲ್ಲಿ ನಮ್ಮನ್ನು ಕಾಣಲು ಬಂದಿದ್ದಳು. ಬನಶಂಕರಿಯ ಮನೆಯಿಂದ ಹೊರಟು, ಸಮುದ್ರದಾಚೆಯ ದೇಶವೊಂದರಲ್ಲಿ ಒಂಬತ್ತು ವರ್ಷ ಮಕ್ಕಳಿಗೆ ಗಣಿತವನ್ನು ಬೋಧಿಸಿ ಹಿಂದಿರುಗಿದ ಅವಳಿಗೆ, ಮರಳಿ ವಿಶ್ವವಿದ್ಯಾನಿಲಯವನ್ನು ಸೇರಿ ಅರ್ಧಕ್ಕೆ ಬಿಟ್ಟ ವ್ಯಾಸಂಗವನ್ನು ಪೂರೈಸಬೇಕೆಂಬ ಅಭಿಲಾಷೆಯಿದೆ. ಆದರೆ ಗಳಿಸಿದ ಹಣದಲ್ಲಿ ಬಹುಪಾಲು ಮನೆಯ ಸಾಲಕ್ಕೂ ತಮ್ಮನ ಓದಿಗೂ ಸಂದುಹೋಗಿದೆ. ಈ ವಯಸ್ಸಿನಲ್ಲಿ ಇನ್ನೇನು ಓದು ಎಂದು ನೆರೆಹೊರೆಯವರು ನಗುತ್ತಾರೆ. ಬಂಧುಗಳೊಬ್ಬರು ವೆಚ್ಚವನ್ನು ವಹಿಸಲು ಮುಂದೆ ಬಂದಿದ್ದರೂ, ಓದಿನ ತರುವಾಯ ಅವಳು ಎಲ್ಲಿ ಯಾವ ಕೆಲಸವನ್ನು ಹಿಡಿಯಬೇಕೆಂಬುದನ್ನು ತಾವೇ ಗೊತ್ತುಮಾಡುವುದಾಗಿ ಹೇಳಿದ್ದಾರೆ. ಹಣವಿಲ್ಲದೆ ಓದುವುದು ಹೇಗೆ, ಹಣ ಕೊಟ್ಟವರಿಗೆ ತನ್ನನ್ನೇ ಒಪ್ಪಿಸಿಬಿಡದೆ ಓದುವುದು ಹೇಗೆ ಎಂಬುದು ಅವಳು ನಮ್ಮ ಮುಂದಿಟ್ಟ ಪ್ರಶ್ನೆ.

ಆ ದಿನ ನಮಗೆ ತಕ್ಕ ಉತ್ತರವು ಹೊಳೆಯಲಿಲ್ಲ. ಅವಳನ್ನು ಬೀಳ್ಕೊಟ್ಟ ಬಳಿಕ, ಇದೇ ಪ್ರಶ್ನೆಯನ್ನು ನೂರನಾಲ್ವತ್ತು ವರ್ಷಗಳ ಹಿಂದೆಯೇ ಎದುರಿಸಿದ ಮಹಿಳೆಯೊಬ್ಬರ ನೆನಪು ನಮಗಾಯಿತು. ಅವರೇ ನಮ್ಮ ಕನ್ನಡ ನಾಡಿನ ಮಲೆಯಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು. ಅನಾಥ ಸ್ತ್ರೀಯರಿಗೆ ಆಶ್ರಯವನ್ನು ಕಟ್ಟಿದವರೆಂದು ಅವರನ್ನು ಎಲ್ಲರೂ ಬಲ್ಲರು. ಅವರು ಪರದೇಶದಲ್ಲಿ ಕಲಿಸುತ್ತ ಕಲಿತ ಬಗೆಯನ್ನೂ, ಅದಕ್ಕೆ ಬೇಕಾದ ದ್ರವ್ಯವನ್ನು ಹೊಂದಿಸಿಕೊಂಡ ಬಗೆಯನ್ನೂ ಗಮನಿಸಿದವರು ವಿರಳ. ಆದಕಾರಣ ಆ ಭಾಗವನ್ನೇ ಮುಖ್ಯವಾಗಿಟ್ಟುಕೊಂಡು ಅವರ ಚರಿತ್ರೆಯನ್ನು ಇಲ್ಲಿ ನಿರೂಪಿಸುತ್ತೇವೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸೀಮೆಗೆ ಸೇರಿದ, ಘಟ್ಟದ ಬುಡದಲ್ಲಿರುವ ಮಾಳ ಗ್ರಾಮದ ಕಡೆಯ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಸಂಸ್ಕೃತವನ್ನು ಅಭ್ಯಾಸಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯವರ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಹೇಳಿಕೊಡುವುದನ್ನು ಕಂಡು, ಹೆಂಗಸರಿಗೂ ಈ ವಿದ್ಯೆ ಸಲ್ಲುವುದೆಂದು ಅವರು ನಿಶ್ಚಯಿಸಿಕೊಂಡರು. ಮೊದಲ ಪತ್ನಿಗೆ ಪಾಠ ಹೇಳಲು ಹಿರಿಯರು ಆಸ್ಪದ ಕೊಡಲಿಲ್ಲ. ಆಕೆಯು ಗತಿಸಿದ ತರುವಾಯ ಎರಡನೆಯದಾಗಿ ಕೈಹಿಡಿದ, ಆಗ ಒಂಬತ್ತೇ ವರ್ಷ ವಯಸ್ಸಿನ ಲಕ್ಷ್ಮೀಬಾಯಿಗೆ ಅವರು ಪಾಠವನ್ನು ಆರಂಭಿಸಿದರು. ಊರಿನಲ್ಲಿ ಆಕ್ಷೇಪಣೆಯೆದ್ದಿತು. ಉಡುಪಿಯಲ್ಲಿ ಕೂಡಿದ ಪಂಡಿತರ ಸಭೆಯ ಮುಂದೆ ನಿಂತು, ಸ್ತ್ರೀಯರು ಸಂಸ್ಕೃತವನ್ನು ಕಲಿಯುವುದು ಶಾಸ್ತ್ರವಿರುದ್ಧವಲ್ಲವೆಂದು ಅವರು ಪ್ರಮಾಣಗಳಿಂದ ಸಮರ್ಥಿಸಬೇಕಾಯಿತು. ಆಮೇಲೆ ಪತ್ನೀಸಮೇತರಾಗಿ ಘಟ್ಟವನ್ನೇರಿ, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. ಅಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು.

ಶಾಸ್ತ್ರಿಗಳು ಗಳಿಸುವುದರಲ್ಲಿ ಸಮರ್ಥರು, ಉಳಿಸುವುದರಲ್ಲಿ ಅಲ್ಲ. ಮೈಸೂರಿನ ಅರಸರ ಆಶ್ರಯದಲ್ಲಿ ಕೆಲವು ಕಾಲವಿದ್ದು ಅವರು ಸಂಭಾವನೆಗಳನ್ನು ಪಡೆದಿದ್ದರು. ಗಂಗಾಮೂಲದಲ್ಲಿ ಶಿಷ್ಯರಿಗೂ ಬಂದುಹೋಗುವ ಯಾತ್ರಿಕರಿಗೂ ಅನ್ನವಿಕ್ಕುತ್ತಿದ್ದರಿಂದ ಆ ದ್ರವ್ಯವು ಕರಗಿತು. ಮಗಳಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರವು ಆ ನೆಲೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿರಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟವನ್ನಿಳಿದರಂತೆ. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗುವುದೂ, ದೇವಸ್ಥಾನದ ಜಗಲಿಯಲ್ಲಿಯೋ ನದೀತೀರದಲ್ಲಿಯೋ ಪುರಾಣವನ್ನು ಪಠಿಸುವುದೂ, ಕೇಳಿದವರು ಸಲ್ಲಿಸಿದ ಕಾಣಿಕೆಯಿಂದ ಜೀವಿಸುವುದೂ ಅವರ ವೃತ್ತಿಯಾಯಿತು.

ಇಂಥ ಅಲೆದಾಟದ ನಡುವೆಯೂ ತಾಯಿಯು ಮಗಳ ಪಾಠವನ್ನು ತಪ್ಪಿಸಲಿಲ್ಲ. ಹಗಲೆಲ್ಲ ಗೃಹಕೃತ್ಯವಿದ್ದುದರಿಂದ, ಇನ್ನೂ ಕತ್ತಲಿರುವಾಗಲೇ ಬಾಲಿಕೆಯನ್ನು ಎಬ್ಬಿಸಿ, ಹಕ್ಕಿಗಳ ಕಲರವದ ನಡುವೆ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಮನೆಯಿಲ್ಲದ ಆ ಮಗುವಿಗೆ ಇದೊಂದೇ ಆಸ್ತಿಯಾಗಿ ಕೂಡಿಬಂದಿತು. ಆದರೆ ಲೌಕಿಕ ವಿದ್ಯೆಯನ್ನಾಗಲಿ ಕೈಕೆಲಸವನ್ನಾಗಲಿ ಶಾಸ್ತ್ರಿಗಳು ಮಕ್ಕಳಿಗೆ ಕಲಿಸಲಿಲ್ಲ. ಅದರ ಫಲವನ್ನು ಅವರು 1870ರ ದಶಕದ ಕ್ಷಾಮದಲ್ಲಿ ಉಣ್ಣಬೇಕಾಯಿತು. ಕಾಣಿಕೆಗಳು ನಿಂತುಹೋದವು, ಪಾತ್ರೆಪಡಗಗಳು ಮಾರಿಹೋದವು, ಕಾಡಿನ ಎಲೆಗಳನ್ನು ತಿನ್ನುವ ದಿನಗಳು ಬಂದವು. ಮೊದಲು ತಂದೆಯೂ, ಸ್ವಲ್ಪ ಕಾಲದಲ್ಲಿಯೇ ತಾಯಿಯೂ, ಆಮೇಲೆ ಅಕ್ಕನೂ ತೀರಿಕೊಂಡರು. ಅಣ್ಣ ಶ್ರೀನಿವಾಸನೂ ರಮಾಬಾಯಿಯೂ ಮಾತ್ರ ಉಳಿದು, ಬರಿಗಾಲಿನಲ್ಲಿ ಸಾವಿರಾರು ಮೈಲಿ ನಡೆದರು. ದುಡಿದು ಉಣ್ಣುವ ದಾರಿಯೊಂದು ತಿಳಿದಿರಬೇಕೆಂಬ ಪಾಠವನ್ನು ರಮಾಬಾಯಿಯವರು ಆ ದಾರಿಯಲ್ಲಿಯೇ ಕಲಿತರೆಂದು ನಮಗೆ ತೋರುತ್ತದೆ.

1878ರಲ್ಲಿ ಅವರು ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಕನ್ಯೆಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾಗಿ, ಪಂಡಿತಾ ಎಂಬ ಮತ್ತು ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅವರು ವಕೀಲರಾದ ಬಿಪಿನ ಬಿಹಾರಿ ಮೇಧಾವಿ ಎಂಬ ಬಂಗಾಳದ ಗೃಹಸ್ಥರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯ ಬೇನೆಗೆ ತುತ್ತಾದರು. ಹೀಗೆ ಇಪ್ಪತ್ತುನಾಲ್ಕು ತುಂಬುವ ಮೊದಲೇ ಅವರು ವಿಧವೆಯಾದರು, ಕಂಕುಳಲ್ಲಿ ವರ್ಷ ತುಂಬದ ಕೂಸು.

ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ 1882ರಲ್ಲಿ ಸರ್ಕಾರವು ನೇಮಿಸಿದ್ದ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷ್ಯವನ್ನಿತ್ತು, ಹೆಣ್ಣುಮಕ್ಕಳಿಗೆ ಶಿಕ್ಷಣ ಪಡೆದ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಬೇಕೆಂದು ಬಿನ್ನವಿಸಿದರು. ಬೇಕೆಂದು ಹೇಳಿದರೆ ಸಾಲದು, ತಾವೇ ಕಲಿತು ಬರಬೇಕೆಂಬ ಹಂಬಲವೂ ಅವರಲ್ಲಿ ಹುಟ್ಟಿತು. ವೈದ್ಯವಿದ್ಯೆಗಾಗಿ ಇಂಗ್ಲೆಂಡಿಗೆ ಹೋಗಬೇಕು. ಆದರೆ ಹಡಗಿನ ವೆಚ್ಚವೆಲ್ಲಿ? ತವರಿಲ್ಲ, ಅತ್ತೆಯ ಮನೆಯಿಲ್ಲ, ಒಡವೆಯಿಲ್ಲ. ಆಗ ಅವರು ತಮ್ಮಲ್ಲಿದ್ದ ಒಂದೇ ಬಂಡವಾಳವಾದ ವಿದ್ಯೆಯ ಕಡೆಗೆ ತಿರುಗಿದರು. ಸ್ತ್ರೀಧರ್ಮನೀತಿ ಎಂಬ ಗ್ರಂಥವನ್ನು ಮರಾಠಿಯಲ್ಲಿ ರಚಿಸಿ 1882ರಲ್ಲಿ ಪ್ರಕಟಿಸಿದರು. ಅದರ ಮಾರಾಟದಿಂದ ಬಂದ ಹಣವೇ ಪ್ರಯಾಣಕ್ಕೆ ಒದಗಿತು. 1883ರ ಏಪ್ರಿಲ್ ತಿಂಗಳಲ್ಲಿ, ಎರಡು ವರ್ಷದ ಮಗಳೊಡನೆಯೂ ಗೆಳತಿಯೊಬ್ಬರೊಡನೆಯೂ ಅವರು ಮುಂಬಯಿಯಿಂದ ಹಡಗನ್ನೇರಿದರು.

ಇಂಗ್ಲೆಂಡಿನಲ್ಲಿ ಅವರಿಗೆ ಆಶ್ರಯವಿತ್ತವರು ವಾಂಟೇಜ್ ಎಂಬ ಊರಿನ ಸಂತ ಮರಿಯಳ ಮಠದ ಸಹೋದರಿಯರು. ಈ ಆಶ್ರಯವು ಕೇವಲ ದಾನವಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಠದ ಸಹೋದರಿಯರಲ್ಲಿ ಕೆಲವರು ಪುಣೆಗೆ ಸೇವೆಗಾಗಿ ಬರುವವರಿದ್ದರು. ಅವರಿಗೆ ಮರಾಠಿ ಬೇಕಾಗಿತ್ತು. ರಮಾಬಾಯಿಯವರು ಮರಾಠಿಯನ್ನು ಕಲಿಸುವುದು, ಅದಕ್ಕೆ ಪ್ರತಿಯಾಗಿ ಸಹೋದರಿಯರು ತಾಯಿಮಗಳಿಗೆ ಅನ್ನವಸತಿಗಳನ್ನೂ ಇಂಗ್ಲಿಷ್ ಪಾಠವನ್ನೂ ಕೊಡುವುದು, ಹೀಗೆ ಏರ್ಪಾಡಾಯಿತು. ಕೊಡುವ ಕೈಯೂ ತೆಗೆದುಕೊಳ್ಳುವ ಕೈಯೂ ಸಮವಾಗಿದ್ದ ಈ ಒಪ್ಪಂದವು ಬಡ ವಿದ್ಯಾರ್ಥಿನಿಗೆ ಎಷ್ಟು ಗೌರವಯುತವಾದುದೆಂಬುದು ಉಪಾಧ್ಯಾಯಿನಿಯರಾದ ನಮಗೆ ಚೆನ್ನಾಗಿ ತಿಳಿಯುತ್ತದೆ.

ಆ ವರ್ಷವು ಸುಗಮವಾಗಿರಲಿಲ್ಲ. ಜೊತೆಗೆ ಬಂದಿದ್ದ ಗೆಳತಿಯು ಶೋಚನೀಯವಾದ ರೀತಿಯಲ್ಲಿ ಮೃತಪಟ್ಟರು. ಸೆಪ್ಟೆಂಬರ್ ತಿಂಗಳಲ್ಲಿ ರಮಾಬಾಯಿಯವರು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಇದರಿಂದ ಸ್ವದೇಶದ ಅನೇಕ ಮಿತ್ರರಿಗೆ ವ್ಯಸನವೂ ಕೋಪವೂ ಉಂಟಾದವು. ಇದಲ್ಲದೆ, ಕಿವಿಯು ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆಯನ್ನೇ ಅವರು ತೊರೆಯಬೇಕಾಯಿತು. ಯಾವುದಕ್ಕಾಗಿ ಸಮುದ್ರವನ್ನು ದಾಟಿದ್ದರೋ ಅದೇ ತಪ್ಪಿಹೋದಾಗ ಎಂಥವರೂ ಎದೆಗುಂದಿ ಹಿಂದಿರುಗುವರು. ಅವರು ಹಿಂದಿರುಗದೆ ಬೇರೆ ವಿದ್ಯೆಯನ್ನು ಆರಿಸಿಕೊಂಡರು.

1884ರಲ್ಲಿ ಅವರು ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜನ್ನು ಸೇರಿದರು. ಅಲ್ಲಿಯ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರು ಹೆಣ್ಣುಮಕ್ಕಳ ಉಚ್ಚಶಿಕ್ಷಣಕ್ಕಾಗಿ ಜೀವವನ್ನು ತೇಯ್ದವರು. ಅಲ್ಲಿ ರಮಾಬಾಯಿಯವರು ಒಂದೇ ಕಾಲದಲ್ಲಿ ಉಪಾಧ್ಯಾಯಿನಿಯೂ ವಿದ್ಯಾರ್ಥಿನಿಯೂ ಆದರು. ಸಂಸ್ಕೃತವನ್ನು ಬೋಧಿಸುವರು, ಗಣಿತವನ್ನೂ ಪ್ರಕೃತಿಶಾಸ್ತ್ರವನ್ನೂ ಇಂಗ್ಲಿಷ್ ಸಾಹಿತ್ಯವನ್ನೂ ಅಭ್ಯಾಸಮಾಡುವರು. ಒಂದು ಕೊಠಡಿಯಲ್ಲಿ ಗುರುವಿನ ಆಸನ, ಇನ್ನೊಂದರಲ್ಲಿ ತನಗಿಂತ ಎಳೆಯರ ಪಕ್ಕದಲ್ಲಿ ಶಿಷ್ಯೆಯ ಬೆಂಚು. ಬಂಗಾಳದ ವಿದ್ವಾಂಸರಿಂದ ಬಿರುದನ್ನು ಪಡೆದಿದ್ದವರು ಈ ಬೆಂಚಿನಲ್ಲಿ ಕೂರಲು ನಾಚಲಿಲ್ಲ.

ಇಲ್ಲಿಯೇ ಅವರಿಗೆ ದ್ರವ್ಯಕ್ಕಿಂತಲೂ ಕಠಿಣವಾದ ಪರೀಕ್ಷೆಯು ಎದುರಾಯಿತು. ಅವರು ಗಂಡಸರಿಗೂ ಪಾಠ ಹೇಳಬಹುದೆಂಬ ಸೂಚನೆಯು ಬಂದಾಗ, ಭಾರತದಲ್ಲಿ ಅದು ಅಪವಾದಕ್ಕೆ ಕಾರಣವಾದೀತೆಂದು ಕೆಲವು ಬಿಷಪರು ಆಕ್ಷೇಪಿಸಿದರು. ಮಠದ ಹಿರಿಯರೂ ಅದೇ ಅಭಿಪ್ರಾಯದವರಾಗಿದ್ದರು. ಭಾರತದಲ್ಲಿಯೇ ಗಂಡಸರ ಸಭೆಗಳಲ್ಲಿ ನಿಂತು ಉಪನ್ಯಾಸ ಮಾಡಿದ್ದ ರಮಾಬಾಯಿಯವರಿಗೆ ಈ ನಿಷೇಧವು ವಿಚಿತ್ರವಾಗಿ ಕಂಡಿತು. ತಮ್ಮ ವಿಷಯದಲ್ಲಿ ತಮ್ಮನ್ನು ಕೇಳದೆ ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲವೆಂದು ಅವರು ಪತ್ರಮುಖೇನ ದೃಢವಾಗಿ ತಿಳಿಸಿದರು. ಮತವಿಷಯಗಳಲ್ಲಿಯೂ ಅವರು ತಮ್ಮ ಮನಸ್ಸಾಕ್ಷಿಯನ್ನು ಬಿಟ್ಟುಕೊಡಲಿಲ್ಲ. ಅನ್ನವಿತ್ತವರಲ್ಲಿ ಅವರಿಗೆ ಕೃತಜ್ಞತೆಯು ಕಡಿಮೆಯಿರಲಿಲ್ಲ. ಆದರೆ ಕೃತಜ್ಞತೆಯ ಲೆಕ್ಕವೇ ಬೇರೆ, ವಿಧೇಯತೆಯ ಲೆಕ್ಕವೇ ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು. ನಮ್ಮ ಹಳೆಯ ವಿದ್ಯಾರ್ಥಿನಿಯ ಪ್ರಶ್ನೆಯ ಎರಡನೆಯ ಭಾಗಕ್ಕೆ ಇದೇ ಉತ್ತರವೆಂದು ನಾವು ಭಾವಿಸುತ್ತೇವೆ.

1886ರಲ್ಲಿ ಅವರು ಅಮೆರಿಕಕ್ಕೆ ಹೋದರು. ಅವರ ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜಿನಲ್ಲಿ ಆ ಮಾರ್ಚ್ 11ರಂದು ಪದವಿಯನ್ನು ಪಡೆಯುವವರಿದ್ದರು. ಆ ಸಮಾರಂಭಕ್ಕೆಂದು ಹೋದವರು ಎರಡೂವರೆ ವರ್ಷಕ್ಕೂ ಮಿಕ್ಕಿ ಅಲ್ಲಿಯೇ ನಿಂತರು. ಚಿಕ್ಕ ಮಕ್ಕಳಿಗಾಗಿ ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಣತಜ್ಞನು ರೂಪಿಸಿದ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸಮಾಡಿದರು. ಊರೂರಿಗೆ ಹೋಗಿ ಭಾರತದ ಬಾಲವಿಧವೆಯರ ಸ್ಥಿತಿಯನ್ನು ಕುರಿತು ಉಪನ್ಯಾಸಗಳನ್ನಿತ್ತರು. 1887ರಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕಾಲೇಜಿನ ಡೀನ್ ರೇಚೆಲ್ ಬೋಡ್ಲಿಯವರು ಅದಕ್ಕೆ ಮುನ್ನುಡಿಯನ್ನು ಬರೆದರು. ಅದರ ಸುಮಾರು 10,000 ಪ್ರತಿಗಳು ಬೇಗನೆ ಮಾರಾಟವಾದವು. ಮೊದಲ ಪುಸ್ತಕವು ಅವರನ್ನು ಸಮುದ್ರ ದಾಟಿಸಿತು. ಈ ಪುಸ್ತಕವು ಅವರ ಪಾಠಶಾಲೆಗೆ ಅಡಿಗಲ್ಲಾಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಲೆಕ್ಕವನ್ನು ನೋಡೋಣ. ತಮ್ಮ ಸ್ವಂತ ಓದಿಗಾಗಿ ರಮಾಬಾಯಿಯವರು ಬಹುಮಟ್ಟಿಗೆ ತಮ್ಮ ವಿದ್ಯೆಯನ್ನೇ ವಿನಿಮಯವಾಗಿ ಕೊಟ್ಟರು. ಇತರರಿಗಾಗಿ ಕಟ್ಟಬೇಕಾದ ಸಂಸ್ಥೆಗೆ ಮಾತ್ರ ಸಂಕೋಚವಿಲ್ಲದೆ ಕೈಯೊಡ್ಡಿದರು. ಹಾಗೆ ಬೇಡಿದಾಗಲೂ ಕ್ರಮವಿತ್ತು. 1887ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಏರ್ಪಟ್ಟಿತು. ಅಲ್ಲಲ್ಲಿಯ ಮಂಡಲಿಗಳ ಸದಸ್ಯರು ವರ್ಷಕ್ಕೆ ಇಂತಿಷ್ಟೆಂದು 10 ವರ್ಷಗಳ ಕಾಲ ಕೊಡುವುದಾಗಿ ವಚನವಿತ್ತರು. ಹಣ ಎಷ್ಟು, ಎಷ್ಟು ಕಾಲ, ಯಾವ ಕೆಲಸಕ್ಕೆ, ಯಾವ ನಿಬಂಧನೆಯ ಮೇಲೆ ಎಂಬ ನಾಲ್ಕೂ ಮೊದಲೇ ಸ್ಪಷ್ಟವಾಗಿದ್ದವು. ನಿಬಂಧನೆಯೇನೆಂದರೆ, ಪಾಠಶಾಲೆಯಲ್ಲಿ ಯಾರ ಮೇಲೂ ಮತವನ್ನು ಹೇರಕೂಡದು ಎಂಬುದು.

1889ರ ಫೆಬ್ರವರಿಯಲ್ಲಿ ಅವರು ಸ್ವದೇಶವನ್ನು ಮುಟ್ಟಿದರು. ಆಗ ಅವರಿಗೆ ಮೂವತ್ತು ವರ್ಷ. ವಿಶ್ವವಿದ್ಯಾನಿಲಯದ ಪದವಿಯಾವುದೂ ಅವರ ಹೆಸರಿನ ಮುಂದೆ ಇರಲಿಲ್ಲ. ಆದರೂ ಆ ವರ್ಷ ಮಾರ್ಚ್ 11ರಂದು ಮುಂಬಯಿಯಲ್ಲಿ ಇಬ್ಬರೇ ವಿದ್ಯಾರ್ಥಿನಿಯರೊಡನೆ ಶಾರದಾ ಸದನವನ್ನು ತೆರೆದರು. ಮೊದಲು ಸೇರಿದವರಲ್ಲಿ ಒಬ್ಬರಾದ ವಿಧವೆ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಆ ಕರ್ವೆಯವರೇ 1916ರಲ್ಲಿ ಭಾರತದ ಪ್ರಥಮ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಒಬ್ಬಳ ಓದಿನ ಬೆಳಕು ಎಲ್ಲಿಂದ ಎಲ್ಲಿಗೆ ಹರಡುವುದೋ ಹೇಳಬಲ್ಲವರಾರು?

ನಿಬಂಧನೆಯ ವಿಷಯದಲ್ಲಿ ಮುಂದೆ ದೊಡ್ಡ ವಿವಾದವೆದ್ದುದನ್ನು ಮರೆಮಾಚುವುದು ತರವಲ್ಲ. ಸದನವು ಪುಣೆಗೆ ಬಂದ ಮೇಲೆ, ಕೆಲವು ಬಾಲಿಕೆಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಸೇರುತ್ತಿದ್ದರು. ಬಾಗಿಲನ್ನು ತೆರೆದಿಟ್ಟಿದ್ದೇನೆ ಹೊರತು ಯಾರನ್ನೂ ಕರೆದಿಲ್ಲವೆಂಬುದು ಅವರ ಸಮಾಧಾನ. ಎಳೆಯ ಹುಡುಗಿಯರಿಗೆ ತೆರೆದ ಬಾಗಿಲೂ ಕರೆಯೇ ಎಂಬುದು ಪೋಷಕರ ಅಳಲು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಸಲಹೆಗಾರರು ರಾಜೀನಾಮೆಯಿತ್ತರು. ಅನೇಕ ತಾಯಿತಂದೆಗಳು ಮಕ್ಕಳನ್ನು ಬಿಡಿಸಿಕೊಂಡರು. ಅಮೆರಿಕದ ಸಂಘವು ಕೈಬಿಡಲಿಲ್ಲ. ನಂಬಿ ಮಕ್ಕಳನ್ನೊಪ್ಪಿಸುವ ತಾಯಿತಂದೆಗಳಿಗೂ ಸಂಸ್ಥೆಗಳು ಲೆಕ್ಕವೊಪ್ಪಿಸಬೇಕಾಗಿದೆಯೆಂಬುದನ್ನು ನಾವು ಪಾಠಶಾಲೆಯವರು ಈ ಪ್ರಸಂಗದಿಂದ ಕಲಿಯತಕ್ಕದ್ದು.

ಹತ್ತು ವರ್ಷದ ವಚನವು 1898ಕ್ಕೆ ಮುಗಿಯುವುದೆಂಬುದನ್ನು ರಮಾಬಾಯಿಯವರು ಮರೆತಿರಲಿಲ್ಲ. ತಂದೆಯ ಮನೆಯು ಹೇಗೆ ಬರಿದಾಯಿತೆಂಬುದು ಅವರ ನೆನಪಿನಲ್ಲಿದ್ದಿತು. ಆದುದರಿಂದ ಅವಧಿಯು ತೀರುವ ಮುಂಚೆಯೇ, ಪುಣೆಯ ಆಚೆ ಕೇಡಗಾಂವ್ ಎಂಬಲ್ಲಿ ಭೂಮಿಯನ್ನು ಕೊಂಡು, ಬಾವಿಗಳನ್ನು ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ವಂತಿಗೆಯು ನಿಂತ ಮೇಲೆ ಫಸಲು ಸದನವನ್ನು ಸಾಕಬೇಕೆಂಬುದು ಅವರ ಎಣಿಕೆ. ಅಷ್ಟರಲ್ಲಿ 1896ರ ಕ್ಷಾಮವು ಬಂದಿತು. ಒಮ್ಮೆ ತಾವೇ ಹಸಿದು ಅಲೆದಿದ್ದ ಅವರು ಮಧ್ಯಪ್ರಾಂತ್ಯಗಳಿಗೆ ಹೋಗಿ ನೂರಾರು ಅನಾಥ ಬಾಲಿಕೆಯರನ್ನು ಕರೆತಂದರು. ಹೀಗೆ ಮುಕ್ತಿ ಎಂಬ ಊರೇ ಎದ್ದಿತು. ಅಲ್ಲಿಯ ಪ್ರತಿಯೊಬ್ಬ ಹುಡುಗಿಯೂ ಅಕ್ಷರದೊಡನೆ ಒಂದು ಕಸಬನ್ನೂ ಕಲಿಯಬೇಕಾಗಿತ್ತು. ನೇಯ್ಗೆ, ಹೊಲಿಗೆ, ಎಣ್ಣೆಯ ಗಾಣ, ಹೈನುಗಾರಿಕೆ, ಮುದ್ರಣ ಎಲ್ಲವೂ ಹೆಂಗಸರ ಕೈಯಿಂದಲೇ ನಡೆಯುತ್ತಿದ್ದವು.

ಅವರ ಕಲಿಕೆಯು ಅಲ್ಲಿಗೂ ನಿಲ್ಲಲಿಲ್ಲ. ಪ್ರಾಯವಿಳಿದ ಮೇಲೆ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಸಾಮಾನ್ಯ ಹೆಂಗಸರಿಗೆ ತಿಳಿಯುವ ಸುಲಭ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. ಅಮೆರಿಕದಲ್ಲಿ ಕಲಿತು ಬಂದ ಮಗಳು ಮನೋರಮೆಯು ತಾಯಿಗೆ ಬಲಗೈಯಾಗಿ, ಇಂದು ಕಲಬುರಗಿಯೆನಿಸಿರುವ ಗುಲ್ಬರ್ಗದಲ್ಲಿ 1912ರ ಸುಮಾರಿಗೆ ಸ್ಥಾಪಿತವಾದ ಪಾಠಶಾಲೆಯ ಮುಖ್ಯಸ್ಥೆಯಾದಳು. ಹೀಗೆ ಕನ್ನಡ ನಾಡಿನ ಕಾಡಿನಿಂದ ಹೊರಟ ವಿದ್ಯೆಯು ಅದೇ ನಾಡಿನ ಬಯಲುಸೀಮೆಗೆ ಮರಳಿತು. 1919ರಲ್ಲಿ ಸರ್ಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು.

ಈಗ ನಮ್ಮ ವಿದ್ಯಾರ್ಥಿನಿಯ ಮಾತಿಗೆ ಬರೋಣ. ಈ ಚರಿತ್ರೆಯನ್ನು ಓದಿದ ಮೇಲೆ ನಾವು ಅವಳಿಗೊಂದು ಕಾಗದ ಬರೆದೆವು. ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆಯುವಂತೆ ತಿಳಿಸಿದೆವು. ಮೊದಲನೆಯದರಲ್ಲಿ ಕೈಯಲ್ಲಿ ಉಳಿದ ಹಣ. ಎರಡನೆಯದರಲ್ಲಿ ಓದುತ್ತಿರುವಾಗಲೇ ಪಾಠ ಹೇಳಿ ಗಳಿಸಬಹುದಾದುದು. ಮೂರನೆಯದರಲ್ಲಿ ಇತರರು ಕೊಡುವುದು ಮತ್ತು ಅದರ ಎದುರಿಗೆ ಅವರ ನಿಬಂಧನೆ. ಮೊದಲಿನ ಎರಡರಿಂದ ಆದಷ್ಟು ದೂರ ಸಾಗಲಿ. ಮೂರನೆಯದು ಬೇಕಾದಲ್ಲಿ, ಎಷ್ಟು, ಎಲ್ಲಿಯವರೆಗೆ, ಯಾವುದಕ್ಕೆ ಎಂಬುದು ಬರೆಹದಲ್ಲಿರಲಿ. ಮುಂದಿನ ಜೀವನವನ್ನೇ ಅಡವಾಗಿ ಕೇಳುವ ಹಣವನ್ನು, ಅದು ಬಂಧುಗಳದೇ ಆದರೂ, ವಿನಯದಿಂದ ಹಿಂದಿರುಗಿಸಲಿ. ಸಾಲವಾಗಿ ಕೊಡುವುದಾದರೆ ಸಂತೋಷದಿಂದ ಸ್ವೀಕರಿಸಲಿ, ಸಾಲವು ತೀರುವಂಥದು.

ಅವಳು ಹಾಳೆಯನ್ನು ತುಂಬಿ ಕಳುಹಿಸಿದ್ದಾಳೆ. ಸಂಜೆಯ ಹೊತ್ತು ಜಯನಗರದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವುದಾಗಿಯೂ, ಬಂಧುಗಳ ಹಣವನ್ನು ಸಾಲವಾಗಿ ಮಾತ್ರ ಕೇಳಿರುವುದಾಗಿಯೂ ತಿಳಿಸಿದ್ದಾಳೆ. ಬಂಧುಗಳ ಉತ್ತರವಿನ್ನೂ ಬಂದಿಲ್ಲ. ಎರಡನೆಯ ವರ್ಷದ ಶುಲ್ಕಕ್ಕೆ ಅವಳ ಲೆಕ್ಕದಲ್ಲಿ ಇನ್ನೂ ಕೊರತೆಯಿದೆ. ಆದರೂ ಅರ್ಜಿಯನ್ನು ಸಲ್ಲಿಸಿದ್ದಾಳೆ.

ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಪರದೇಶದಲ್ಲಿ ದುಡಿಯುವ ಮಗಳು ತಿಂಗಳು ತಿಂಗಳು ಕಳುಹಿಸುವ ಹಣದಲ್ಲಿ ಒಂದು ಪಾಲನ್ನು, ಅದು ಚಿಕ್ಕದಾದರೂ ಆಗಲಿ, ಅವಳ ಹೆಸರಿನಲ್ಲಿಯೇ ತೆಗೆದಿಡಿರಿ. ಅವಳು ಮೂವತ್ತೈದರಲ್ಲಿ ಪುಸ್ತಕವನ್ನು ಕೇಳಿದರೆ ನಗಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಿಗಾದರೂ ಇಂಥ ಹಂಬಲವಿದ್ದಲ್ಲಿ, ಒಂದು ಹಾಳೆಯನ್ನೂ ಪೆನ್ಸಿಲನ್ನೂ ತೆಗೆದುಕೊಂಡು ನಮ್ಮಲ್ಲಿಗೆ ಬನ್ನಿರಿ. ನಮ್ಮ ಕೊಠಡಿಯ ಬಾಗಿಲು ಸಂಜೆ ಐದರವರೆಗೂ ತೆರೆದಿರುತ್ತದೆ.